ಎಣ್ಣೆ ಹಾಕಿದ ಕೈ

ಕಾರಿನ ಕೆಳಗೆ ತೂರಿಕೊಂಡ ಮೇಲೆ ಚಿಕ್ಕಸ್ವಾಮಿಗೆ ಮೊದಲು ಕಂಡದ್ದು ಅಪ್ಪನ ಪಾದಗಳು. ಜಗಲಿಯ ಅಂಚಿನಿಂದ ಇಳಿಬಿದ್ದ ಆ ಎರಡು ಪಾದ ನೆಲ ಮುಟ್ಟದೆ ಮೆಲ್ಲಗೆ ಆಡುತ್ತಿದ್ದವು. ಕೆಳಗೆ ಒಂದು ಜೊತೆ ಎಕ್ಕಡ, ಎಕ್ಕಡದ ಪಕ್ಕ ಬಟ್ಟೆಯ ಕೈಚೀಲ, ಚೀಲಕ್ಕೆ ಒರಗಿಸಿದ ಕಪ್ಪು ಕೊಡೆ. ಮುಖ ಕಾಣದಿದ್ದರೆ ಮನುಷ್ಯನ ಮನಸ್ಸು ತಿಳಿಯುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ಚಿಕ್ಕಸ್ವಾಮಿ ಆ ಕ್ಷಣ ಒಪ್ಪುತ್ತಿರಲಿಲ್ಲ. ಆ ಚೀಲ, ಆ ಕೊಡೆ, ಆ ಎಕ್ಕಡ ಬಾಯಿಬಿಟ್ಟು ಹೇಳುತ್ತಿದ್ದವು: ಎರಡೂವರೆ ಬಸ್ಸಿಗೆ ನಾವು ತಯಾರು, ನಿನ್ನ ಕಾರು ನಿನಗಿರಲಿ. ಸಂಜೆ ನಾಗಮಂಗಲದಲ್ಲಿ ಅಕ್ಕ ದೊಡ್ಡತಾಯಮ್ಮನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ. ಮುತ್ತಜ್ಜ ಬಂದು ತೊಟ್ಟಿಲು ಮುಟ್ಟಬೇಕೆಂದು ಅಕ್ಕ ಎರಡು ಕಾಗದ ಬರೆದಿದ್ದಳು. ಎಪ್ಪತ್ತೆಂಟು ವರ್ಷದ ಅಪ್ಪ ಹೊನ್ನಪ್ಪ ಅರಕೆರೆಯಿಂದ ಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಪಾಂಡವಪುರಕ್ಕೆ ಒಂದು, ಅಲ್ಲಿಂದ ನಾಗಮಂಗಲಕ್ಕೆ ಇನ್ನೊಂದು ಎಂದು ಹತ್ತಿ ಇಳಿದು ಹೋಗುವುದಾದರೆ, ಸ್ವಂತ ಕಾರಿಟ್ಟುಕೊಂಡ ಮಗ ಯಾವ ಮುಖ ಹೊತ್ತು ಅಕ್ಕನ ಮನೆ ಬಾಗಿಲಲ್ಲಿ ಇಳಿಯಬೇಕು?

ಯುಗಾದಿಗೆ ಬಂದ ಕಾರು ಅದು. ಮೈಸೂರಿನ ಡಾಕ್ಟರೊಬ್ಬರು ಹದಿನೆಂಟು ವರ್ಷ ಓಡಿಸಿ ಮಾರಿದ ಕೆನೆಬಣ್ಣದ ಫಿಯೆಟ್ಟು. ಬಂದ ದಿನ ಹೆಂಡತಿ ಪುಟ್ಟಗೌರಮ್ಮ ಆರತಿ ಎತ್ತಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಗಂಡನಿಗೆ ಗೊತ್ತಾಗದಂತೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಬೀದಿಯವರೆಲ್ಲ ಸರದಿಯಲ್ಲಿ ಕುಳಿತು ಎದ್ದರು. ಅಪ್ಪ ಮಾತ್ರ ಜಗಲಿಯಿಂದ ಇಳಿದು, ಕಾರನ್ನು ಒಂದು ಸುತ್ತು ಹಾಕಿ, ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವ ಹಾಗೆ ಬಾನೆಟ್ಟನ್ನು ತಟ್ಟಿ, ಒಂದೇ ಒಂದು ಮಾತು ಕೇಳಿದ್ದ.

"ಇದ್ಕೆ ಎಣ್ಣೆ ಹಾಕೋರು ಯಾರ್ಲಾ?"

"ಪಟ್ಣದಲ್ಲಿ ಮೆಕ್ಯಾನಿಕ್ಕು ಅವ್ನೆ ಕಣಪ್ಪ. ಎಲ್ಲಾ ಅವ್ನೇ ನೋಡ್ಕತಾನೆ."

"ಊಂ. ಸರಿ ಬುಡು."

ಆ "ಸರಿ ಬುಡು"ವಿನ ಅರ್ಥ ಬಿಡಿಸಿಕೊಳ್ಳಲು ಚಿಕ್ಕಸ್ವಾಮಿಗೆ ಮೂರು ತಿಂಗಳು ಹಿಡಿಯಿತು. ಕರೆದಾಗಲೆಲ್ಲ ಅಪ್ಪನಿಗೆ ಒಂದಲ್ಲ ಒಂದು ನೆಪ. ಸೊಂಟ ನೋವು, ಬಿಸಿಲು, ಇವತ್ತು ಶನಿವಾರ. ಕೊನೆಗೆ ಬಾಯಿಬಿಡಿಸಿದವಳು ಪುಟ್ಟಗೌರಮ್ಮ. ನಲವತ್ತು ವರ್ಷ ಗಾಡಿ ಹೊಡೆದ ಹೊನ್ನಪ್ಪ ತಾನು ಎಣ್ಣೆ ಹಾಕದ ಅಚ್ಚಿನ ಮೇಲೆ ಒಬ್ಬರನ್ನೂ ಕೂರಿಸಿಕೊಂಡವನಲ್ಲವಂತೆ. ಬೇರೆಯವರ ಗಾಡಿ ಹತ್ತುವಾಗಲೂ ಹೊಡೆಯುವವನ ಕೈ ನೋಡಿಯೇ ಹತ್ತುತ್ತಿದ್ದನಂತೆ. ಬೆರಳ ಸಂದಿಯಲ್ಲಿ ಕೀಲೆಣ್ಣೆಯ ಕಪ್ಪಿದ್ದರೆ ಸೈ, ಇಲ್ಲದಿದ್ದರೆ ನಡೆದೇ ಹೋಗುತ್ತಿದ್ದನಂತೆ. "ಎಣ್ಣೆ ಹಾಕ್ದೋನ್ಗೆ ಅಚ್ಚಿನ ಕಷ್ಟ ಗೊತ್ತಿರ್ತದೆ ಕಣವ್ವ. ಬರೀ ಹೊಡ್ಯೋನ್ಗೆ ಏನ್ ಗೊತ್ತು?" ಎಂದು ಸೊಸೆಗೆ ಹೇಳಿದ್ದನಂತೆ. ಬಸ್ಸು ಹತ್ತುತ್ತಾನಲ್ಲ, ಆ ಡ್ರೈವರನ ಕೈ ನೋಡುತ್ತಾನೆಯೇ ಎಂದು ಚಿಕ್ಕಸ್ವಾಮಿ ರೇಗಿದ್ದಕ್ಕೆ ಪುಟ್ಟಗೌರಮ್ಮ, "ಬಸ್ಸು ಸರ್ಕಾರದ್ದು, ನೀವು ಅವ್ರ ಮಗ" ಎಂದು ಒಳಗೆ ಹೋಗಿದ್ದಳು.

ಹಾಗೆಂದು ಕಲಿಯಲು ಹೋದರೆ ಪಟ್ಟಣದ ಮೆಕ್ಯಾನಿಕ್ಕು ನಕ್ಕುಬಿಟ್ಟಿದ್ದ. "ಸಾರ್, ನೀವು ತಾಲ್ಲೂಕು ಕಚೇರಿ ಜನ. ಮಸಿ ಅಂದ್ರೆ ನಿಮ್ಗೆ ಪೆನ್ನಿಂದು. ಕುಂತ್ಕಳಿ ಸಾರ್ ಕುರ್ಚಿ ಮೇಲೆ." ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಚಿಕ್ಕಸ್ವಾಮಿಯೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕ, ಆಮೇಲೆ ಹಾಗೆ ನಕ್ಕದ್ದಕ್ಕೆ ಒಂದು ವಾರ ತನ್ನ ಮೇಲೆ ತಾನೇ ಮುನಿಸಿಕೊಂಡ. ಆದರೆ ಆ ಕುರ್ಚಿಯನ್ನು ಮಾತ್ರ ಬಿಡಲಿಲ್ಲ. ಕಚೇರಿ ಬಿಟ್ಟ ಮೇಲೆ ಪೇಪರು ಓದುವ ನೆಪದಲ್ಲಿ ಅಲ್ಲಿ ಕುಳಿತು, ಪೇಪರಿನ ಅಂಚಿನಿಂದ ಕದ್ದು ನೋಡಿ, ನಾಲ್ಕು ಜನರ ಕಾರಿಗೆ ಎಣ್ಣೆ ಬದಲಾಯಿಸಿದ್ದನ್ನು ಬಾಯಿಪಾಠ ಮಾಡಿಕೊಂಡ. ಮೊದಲು ಇಂಜಿನ್ ಬಿಸಿ ಮಾಡಬೇಕು. ಕೆಳಗಿನ ಬೋಲ್ಟು ಬಿಚ್ಚಿ ಹಳೆಯದನ್ನು ಪೂರ್ತಿ ಇಳಿಸಬೇಕು. ಬೋಲ್ಟು ಹಾಕಿ ಮೇಲಿನಿಂದ ಹೊಸದು ಸುರಿಯಬೇಕು. ಕಡ್ಡಿ ಎಳೆದು ಮಟ್ಟ ನೋಡಬೇಕು. ಇದೇನು ಬ್ರಹ್ಮವಿದ್ಯೆ ಅಲ್ಲ.

ಈಗ, ಭಾನುವಾರದ ಹನ್ನೆರಡು ಗಂಟೆಯಲ್ಲಿ, ಕಾರಿನ ಮುಂದಿನ ಚಕ್ರಗಳೆರಡೂ ಮನೆಯ ಮುಂದಿನ ಜೋಡಿ ಕಲ್ಲಿನ ಮೇಲೆ ನಿಂತಿದ್ದವು. ಒಂದು ಕಾಲಕ್ಕೆ ಅಪ್ಪ ಗಾಡಿಯ ಅಚ್ಚು ಎತ್ತಿ ನಿಲ್ಲಿಸುತ್ತಿದ್ದ ಕಲ್ಲುಗಳೇ ಅವು. ಚಿಕ್ಕಸ್ವಾಮಿ ಮಲಗಿಕೊಂಡು ಕೆಳಗಿನ ಬೋಲ್ಟಿಗೆ ಸ್ಪ್ಯಾನರು ಕೊಟ್ಟು ತಿರುಗಿಸುತ್ತಿದ್ದ. ಅದು ಜಪ್ಪಯ್ಯ ಎನ್ನಲಿಲ್ಲ. ಮುಖಕ್ಕೆ ಮಣ್ಣುದುರಿತು, ಮೊಣಕೈ ತರಚಿತು. ಸ್ಪ್ಯಾನರು ಹಿಡಿದ ಬೆರಳುಗಳು ಆಗಲೇ ಕಪ್ಪಾಗಿದ್ದವು. ಅವನ್ನು ನೋಡುತ್ತಲೇ ಅವನಿಗೆ ಪಟ್ಟಣದ ಹೈಸ್ಕೂಲಿನ ಗೇಟು ಕಂಡಿತು. ಕಬ್ಬು ತುಂಬಿದ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸಿ ಅಪ್ಪ ಇಳಿದು ಬಂದಿದ್ದ. ಚಿಕ್ಕಸ್ವಾಮಿಗೆ ಹದಿನಾಲ್ಕು, ಅಂದು ಬೆಳಿಗ್ಗೆ ತಾನೆ ತೊಟ್ಟ ಹೊಸ ಬಿಳಿ ಅಂಗಿ, ಪಕ್ಕದಲ್ಲಿ ಪಟ್ಟಣದ ವಕೀಲರ ಮಗ. ಅಪ್ಪ ಚಾಚಿದ ಬುತ್ತಿಯ ಡಬ್ಬಿಗೆ, ಹಿಡಿಕೆಗೆ, ಅಪ್ಪನ ಅಂಗೈಗೆ, ಎಲ್ಲಕ್ಕೂ ಕೀಲೆಣ್ಣೆ ಮೆತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಆ ಕರಿ ವಾಸನೆ. ಚಿಕ್ಕಸ್ವಾಮಿ ಡಬ್ಬಿಯನ್ನು ಎರಡೇ ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ತೆಗೆದುಕೊಂಡಿದ್ದ. ಅಪ್ಪ ಆ ಎರಡು ಬೆರಳನ್ನು ನೋಡಿದ. ಬಾಯಿ ಏನೋ ಆಡಿದ ಹಾಗಿತ್ತು, ಎತ್ತಿನ ಗಂಟೆಯ ಸದ್ದಿನಲ್ಲಿ ಕೇಳಲಿಲ್ಲ. ಆಮೇಲೆ ತಿರುಗಿ ಹೋಗಿ ಗಾಡಿ ಹತ್ತಿದ. ಅಷ್ಟೇ ನಡೆದದ್ದು. ಮೂವತ್ತನಾಲ್ಕು ವರ್ಷದಲ್ಲಿ ಅಪ್ಪ ಆ ಮಾತು ಎತ್ತಿಲ್ಲ, ಇವನೂ ಎತ್ತಿಲ್ಲ. ಆದರೆ ಕಚೇರಿಯಲ್ಲಿ ಕಡತದ ಹಾಳೆ ತಿರುಗಿಸುವಾಗ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಮುಟ್ಟಿದರೆ ಸಾಕು, ಇದ್ದಕ್ಕಿದ್ದಂತೆ ಹಾಳೆ ಬಿಟ್ಟು ಕೈಯನ್ನು ಮೇಜಿನ ಕೆಳಗೆ ಎಳೆದುಕೊಳ್ಳುತ್ತಿದ್ದ. ಕಾರಿಗೆ ಬರಲೊಲ್ಲದ ಅಪ್ಪ ಅಚ್ಚು ಎಣ್ಣೆ ಎಂದು ಏನೇ ಹೇಳಲಿ, ಅದು ಆ ಎರಡು ಬೆರಳಿಗೆ ಕೊಡುತ್ತಿರುವ ಉತ್ತರವೇ ಎಂದು ಚಿಕ್ಕಸ್ವಾಮಿ ಗಟ್ಟಿಯಾಗಿ ನಂಬಿದ್ದ.

ಬೋಲ್ಟು ಅಲುಗಲಿಲ್ಲ. ಸೋತು ಕತ್ತು ತಿರುಗಿಸಿದರೆ ಮತ್ತೆ ಅಪ್ಪನ ಪಾದ. ಬಲಗಾಲಿನ ಹೆಬ್ಬೆರಳು ಗಾಳಿಯಲ್ಲಿ ಸಣ್ಣಗೆ ಒಂದು ಸುತ್ತು ಸುತ್ತುತ್ತಿತ್ತು. ಒಂದು ಸುತ್ತು, ನಿಲ್ಲುವುದು, ಇನ್ನೊಂದು ಸುತ್ತು. ಮುದುಕರ ಕಾಲು ಸುಮ್ಮನೆ ಹೀಗೆ ಆಡುವುದುಂಟು. ಆದರೂ ಚಿಕ್ಕಸ್ವಾಮಿ ಅದನ್ನೇ ನೋಡಿದ; ನೋಡುತ್ತ ನೋಡುತ್ತ ತಾನು ಕಾಲು ಗಂಟೆಯಿಂದ ಬೋಲ್ಟನ್ನು ಬಿಚ್ಚುತ್ತಿಲ್ಲ, ಬಿಗಿಯುತ್ತಿದ್ದೇನೆ ಎನ್ನುವುದು ಹೊಳೆದು ಕಿವಿಯವರೆಗೆ ಬಿಸಿಯಾದ. ಅಪ್ಪನ ಹೆಬ್ಬೆರಳು ಸುತ್ತಿದ ದಿಕ್ಕಿಗೇ ಸ್ಪ್ಯಾನರು ತಿರುಗಿಸಿ ಮೈಭಾರ ಹಾಕಿದ. ಟಕ್ ಎಂದಿತು. ಆ ಟಕ್ಕಿಗೆ ಅವನ ಎದೆಯೂ ಟಕ್ ಎಂದಿತು. ಕೊನೆಯ ಸುತ್ತನ್ನು ಕೈಯಲ್ಲೇ ಬಿಚ್ಚುವಾಗ ಒಮ್ಮೆಲೇ ಬಿಸಿ ಕರಿ ಎಣ್ಣೆ ಬೆರಳ ಮೇಲೆ, ಮಣಿಕಟ್ಟಿನ ಮೇಲೆ, ಮೊಣಕೈವರೆಗೂ ಹರಿದು, ಬೋಲ್ಟು ಕೈಜಾರಿ ಕೆಳಗಿನ ಬಾಂಡ್ಲಿಯೊಳಕ್ಕೆ ಗುಳುಂ ಎಂದು ಬಿತ್ತು. ಬೀಳಲಿ, ಆಮೇಲೆ ತೆಗೆದುಕೊಂಡರಾಯಿತು. ಎಣ್ಣೆ ಬಾಂಡ್ಲಿಗೆ ದಾರದಂತೆ ಇಳಿಯುತ್ತಿತ್ತು. ನಲವತ್ತೆಂಟು ವರ್ಷದ, ಎರಡು ಬಡ್ತಿ ಕಂಡ ಗುಮಾಸ್ತ ಚಿಕ್ಕಸ್ವಾಮಿ ನೆಲದ ಮೇಲೆ ಅಂಗಾತ ಮಲಗಿ ಒಬ್ಬನೇ ನಗುತ್ತಿದ್ದ. ಇಷ್ಟು ಸಂತೋಷ ಆ ಎರಡು ಬಡ್ತಿಯಲ್ಲೂ ಆಗಿರಲಿಲ್ಲ.

ಯಾರ ಕಣ್ಣಿಗೂ ಬೀಳದಂತೆ ಮುಗಿಸಬೇಕೆಂದು ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸಿದ್ದ. ಆದರೆ ಬೀದಿಯಲ್ಲಿ ಕಾರೆಣ್ಣೆ ಇಳಿಸುತ್ತಿದ್ದಾರೆಂಬ ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು? ಮೊದಲು ಬಂದವಳು ಮೂರನೇ ಮನೆಯ ಮಾರಮ್ಮ, ಕೈಯಲ್ಲಿ ಡಾಲ್ಡಾ ಡಬ್ಬ. "ಮಗ, ಬಾಗ್ಲು ಚೌಕಟ್ಟಿಗೆ ಗೆದ್ಲು ಇಡ್ದು ತಿಂದಾಕ್ತಾ ಅದೆ ಕಣಪ್ಪ. ಒಂದೀಟು ಉಯ್ಯಿ, ಬಳ್ಕತೀನಿ." ಹಿಂದೆಯೇ ಎದುರು ಮನೆಯ ಕುಳ್ಳಯ್ಯ, ನಾಲ್ಕನೇ ಕ್ಲಾಸಿನವರೆಗೆ ಚಿಕ್ಕಸ್ವಾಮಿಯ ಪಕ್ಕದಲ್ಲಿ ಕುಳಿತವನು, ತಗಡಿನ ಡಬ್ಬಿ ಹಿಡಿದು ಬಂದ. "ಲೇ ಚಿಕ್ಕಸ್ವಾಮಿ, ಗಾಡಿ ಅಚ್ಚು ಕಿರ್ರೋ ಅಂತದೆ, ಊರೆಲ್ಲ ಬಯ್ತಾವ್ರೆ. ನಂಗೂ ಹಾಕ್ಲಾ." ಆಮೇಲೆ ಸೈಕಲ್ ಚೈನಿನವರು, ಗೇಟಿನ ಕೀಲಿನವರು, ನೇಗಿಲಿಗೆ ತುಕ್ಕು ಹಿಡಿದವರು. ಚಿಕ್ಕಸ್ವಾಮಿ ಬಾಂಡ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ತೆಂಗಿನ ಕರಟದಲ್ಲಿ ಮೊಗೆಮೊಗೆದು ಹಾಕಿದ. ಯಾರೂ ಅವನನ್ನು ಸಾರ್ ಎನ್ನಲಿಲ್ಲ. ಮಗ, ಲೇ, ಅಣ್ಣ, ಚಿಕ್ಕಪ್ಪ ಎಂದರು. ಕೊಡುವುದರಲ್ಲಿ ಇಷ್ಟು ಸುಖವಿದೆಯೆಂದು ಕಚೇರಿಯ ಕಿಟಕಿಯ ಹಿಂದೆ ಕುಳಿತು ನಾಳೆ ಬಾ ಎನ್ನುತ್ತಿದ್ದವನಿಗೆ ಗೊತ್ತಿರಲಿಲ್ಲ. "ನಮ್ ಎಮ್ಮೆ ಕರು ಹಾಕ್ದಾಗ ಗಿಣ್ಣಿಗೂ ಇಷ್ಟ್ ಜನ ಬಂದಿರ್ಲಿಲ್ಲ" ಎಂದು ಪುಟ್ಟಗೌರಮ್ಮ ಬಾಗಿಲಲ್ಲಿ ನಿಂತು ನಕ್ಕಳು. ಕೊನೆಯಲ್ಲಿ ತಳದ ಮಡ್ಡಿಯನ್ನೂ ಯಾರೋ ಬಾಂಡ್ಲಿ ಬಗ್ಗಿಸಿ ಕೊಂಡುಹೋದರು.

ಈಗ ಉಳಿದದ್ದು ಹೊಸ ಎಣ್ಣೆ. ಪಟ್ಟಣದ ಪೆಟ್ರೋಲ್ ಬಂಕಿನಿಂದ ಕದ್ದ ಮಾಲಿನಂತೆ ಚೀಲದಲ್ಲಿ ಮುಚ್ಚಿ ತಂದಿದ್ದ ನಾಲ್ಕು ಲೀಟರಿನ ಡಬ್ಬ. ಬಾನೆಟ್ ಎತ್ತಿ, ಮುಚ್ಚಳ ತಿರುವಿ, ಡಬ್ಬ ಬಗ್ಗಿಸಿದಾಗ ಜೇನಿನ ಬಣ್ಣದ ಎಣ್ಣೆ ಬಿಸಿಲಿಗೆ ಫಳಫಳಿಸುತ್ತ ಇಳಿಯತೊಡಗಿತು. ಅದರ ಚೆಲುವಿಗೆ ಮೈಮರೆತು, ಇದನ್ನು ಅಪ್ಪ ನೋಡುತ್ತಿರಬಹುದೇ ಎಂದು ಓರೆಗಣ್ಣಲ್ಲಿ ಜಗಲಿಯ ಕಡೆ ನೋಡಿದ. ಅಪ್ಪ ಎಣ್ಣೆ ನೋಡುತ್ತಿರಲಿಲ್ಲ. ಕಾರಿನ ಕೆಳಗೆ ನೋಡುತ್ತಿದ್ದ.

"ಹೊಸಾ ಎಣ್ಣೇನೂ ಊರ್ಗೆ ಹಂಚೀಯೇನ್ಲಾ?"

ಕೆಳಗೆ ಬಗ್ಗಿದರೆ ಜೇನಿನ ಬಣ್ಣದ ಒಂದು ಎಳೆ ತೂತಿನಿಂದ ಇಳಿದು ಮಣ್ಣು ಸೇರುತ್ತಿತ್ತು. ಚಿಕ್ಕಸ್ವಾಮಿ ಡಬ್ಬ ನೆಟ್ಟಗೆ ಮಾಡಿದ. ಒಂದು ಲೋಟದಷ್ಟು ಹೋಗಿರಬೇಕು. ಬೋಲ್ಟು! ಬಾಂಡ್ಲಿ ನೋಡಿದರೆ ಬಟಾಬಯಲು. ಯಾರ ಡಬ್ಬಿಗೆ ಮೊಗೆದು ಕೊಟ್ಟೆ? ಯಾವ ಮನೆ ಸೇರಿತು? ಮನೆಮನೆಗೂ ನಗುನಗುತ್ತಾ ಕೊಟ್ಟ ಕೈಯೇ ಈಗ ಮನೆಮನೆಯ ಬಾಗಿಲು ತಟ್ಟಬೇಕಾಗಿತ್ತು. ಗಂಟೆ ಒಂದೂಮುಕ್ಕಾಲು. "ಬೇಗ ಹೋಗ್ ಬನ್ನಿ, ನಿಂತ್ಕಂಡ್ರೆ ಅದೇನು ನಡ್ಕಂಡ್ ಬತ್ತದಾ?" ಎಂದಳು ಪುಟ್ಟಗೌರಮ್ಮ.

ಮಾರಮ್ಮ ಚೌಕಟ್ಟಿಗೆ ಬಟ್ಟೆಯಲ್ಲಿ ಬಳಿಯುತ್ತ ಕುಳಿತಿದ್ದಳು. "ಕೊಟ್ಟದ್ದ ವಾಪಸ್ ಕೇಳಕ್ ಬಂದ್ಯಾ ಮಗ? ತಕೋ, ಗೆದ್ಲು ನಮ್ಮನೇಲೇ ಇರ್ಲಿ" ಎಂದು ಡಬ್ಬ ಮುಂದೆ ತಳ್ಳಿದಳು. ಅವಳಿಗೆ ತಿಳಿಹೇಳಿ, ಡಬ್ಬವನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿದರೆ ಬರೀ ಎಣ್ಣೆ. ಸೈಕಲ್ಲಿನವರ ಮನೆಯಲ್ಲಿಲ್ಲ, ಗೇಟಿನವರ ಮನೆಯಲ್ಲಿಲ್ಲ, ಮಡ್ಡಿ ಒಯ್ದವರ ಮನೆಯಲ್ಲೂ ಇಲ್ಲ. ಒಂದೊಂದು ಮನೆಯಲ್ಲೂ "ಏನ್ ಕಳ್ದೋಯ್ತು?" ಎಂಬ ಪ್ರಶ್ನೆ, ಅದಕ್ಕೆ ಉತ್ತರ, ಉತ್ತರಕ್ಕೆ ನಗು. ಗ್ಯಾರೇಜಿನ ಆ ಕುರ್ಚಿ ಅವನ ಹಿಂದೆಯೇ ಮನೆಯಿಂದ ಮನೆಗೆ ಬರುತ್ತಿದ್ದ ಹಾಗಿತ್ತು. ಕುಳ್ಳಯ್ಯನ ಮನೆಗೆ ಬೀಗ. ಗೊಬ್ಬರ ತುಂಬಿಕೊಂಡು ಕಾಲುವೆ ಆಚೆಯ ಗದ್ದೆಗೆ ಹೊರಟನಂತೆ.

ಹಿಂದಿರುಗಿ ಬಂದರೆ ಅಪ್ಪ ಎಕ್ಕಡ ಮೆಟ್ಟಿದ್ದ. ಚೀಲ ಹೆಗಲಿಗೇರಿತ್ತು, ಕೊಡೆ ಕೈಯಲ್ಲಿತ್ತು. ಚಿಕ್ಕಸ್ವಾಮಿ ಜೋಡಿ ಕಲ್ಲಿನ ಪಕ್ಕ ನೆಲದ ಮೇಲೆಯೇ ಕುಳಿತುಬಿಟ್ಟ. ಮಾಡಿದ್ದೆಲ್ಲ ಹಾಳಾಯಿತು, ಇನ್ನು ಹತ್ತು ನಿಮಿಷದಲ್ಲಿ ಅಪ್ಪ ಸರ್ಕಲ್ಲಿಗೆ ನಡೆದು ಹೋಗುತ್ತಾನೆ, ಬಸ್ಸು ಹತ್ತುತ್ತಾನೆ, ನಿಂತುಕೊಂಡೇ ಪಟ್ಟಣ ಸೇರುತ್ತಾನೆ, ಮುಂದೆಂದೂ ಈ ಕಾರಿನ ಮಾತೆತ್ತುವುದಿಲ್ಲ. ಬಯ್ಯುವುದೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಈಗಲೂ, ಆವತ್ತೂ.

ಅಪ್ಪ ಎರಡು ಹೆಜ್ಜೆ ಇಟ್ಟು ನಿಂತ. ಕತ್ತು ಓರೆ ಮಾಡಿದ.

"ಕೇಳುಸ್ತಾ?"

"ಏನಪ್ಪಾ?"

"ಕುಳ್ಳಯ್ಯನ ಬಲದೆತ್ತು. ಗಂಟೆ ನಾಲ್ಗೆ ಬಿದ್ದೋಗಿ ಒಂದ್ ವರ್ಷ ಆಗಿತ್ತು, ಮೂಗಾಗಿತ್ತು. ಇವತ್ತು ಬಾಯ್ ಬಂದದೆ."

ಚಿಕ್ಕಸ್ವಾಮಿಗೆ ಮೊದಲು ಗಾಳಿಯಷ್ಟೇ ಕೇಳಿತು. ಆಮೇಲೆ ದೂರದಲ್ಲಿ, ಕಾಲುವೆ ಏರಿಯ ಕಡೆಯಿಂದ, ಢಣ್, ಢಣ್.

"ಕಂಚಿನ ನಾಲ್ಗೆ ಸದ್ದಲ್ಲ ಕಣ್ಲಾ ಅದು" ಎಂದ ಅಪ್ಪ. "ಕಬ್ಬುಣ. ದಪ್ಪದ್ದು, ಮೋಟು. ನಿನ್ ಬಿರಡೆ ಎಷ್ಟುದ್ದ ಇತ್ತು?"

ಚಿಕ್ಕಸ್ವಾಮಿ ಎದ್ದವನೇ ಓಡಿದ. ಪಂಚೆ ಮೇಲೆತ್ತಿ ಕಟ್ಟಿ, ಮೊಣಕೈವರೆಗೆ ಕಪ್ಪಾದ ಕೈಗಳನ್ನು ಬೀಸುತ್ತ, ಬೀದಿ ದಾಟಿ, ಹಾಲಿನ ಡೈರಿ ದಾಟಿ, ಕಾಲುವೆ ಏರಿ ಹತ್ತಿ ಓಡಿದ. ಕಾಲುವೆ ತುಂಬ ನೀರು ಹರಿಯುತ್ತಿತ್ತು, ಭತ್ತದ ಸಸಿಯ ಒಟ್ಟಲು ಹಸುರು ಕಣ್ಣಿಗೆ ಹೊಡೆಯುತ್ತಿತ್ತು, ಒಂದು ಚಪ್ಪಲಿ ಎಲ್ಲೋ ಉಳಿಯಿತು. ಕಚೇರಿಯವರು ಯಾರಾದರೂ ಎದುರಾದರೆ ಎಂಬ ಯೋಚನೆ ಒಮ್ಮೆ ಬಂತು. ಬಂದರೆ ಬರಲಿ, ಅವರೂ ಓಡಲಿ ಎನ್ನಿಸಿತು. ಎಷ್ಟು ವರ್ಷವಾಗಿತ್ತು ಹೀಗೆ ಓಡಿ? ಆ ಢಣ್ ಢಣ್ ಹತ್ತಿರವಾದಂತೆಲ್ಲ ಒಳಗಿನಿಂದ ನಗು ಉಕ್ಕಿ ಉಸಿರಿಗೆ ಅಡ್ಡ ಬರುತ್ತಿತ್ತು. ಒಂದು ಬೋಲ್ಟಿನ ಸದ್ದು ಅರ್ಧ ಮೈಲಿಗೆ ಕೇಳುತ್ತದೆ, ಅದನ್ನು ಕೇಳಿ ಅದರ ಉದ್ದ ದಪ್ಪ ಹೇಳುವ ಒಬ್ಬ ಅಪ್ಪ ನನಗಿದ್ದಾನೆ!

"ನಿಲ್ಸ್ಲಾ! ಕುಳ್ಳಯ್ಯ! ನಿಲ್ಸೋ ಗಾಡಿಯ!"

ಕುಳ್ಳಯ್ಯ ಹಗ್ಗ ಎಳೆದು, ಮನೆಗೆ ಬೆಂಕಿ ಬಿದ್ದವರನ್ನು ನೋಡುವ ಹಾಗೆ ನೋಡಿದ. ವಿಷಯ ತಿಳಿದ ಮೇಲೆ ಎತ್ತಿನ ಕೊರಳು ತೋರಿಸಿದ. ಕಂಚಿನ ಗಂಟೆಯೊಳಗೆ ತಂತಿಯಲ್ಲಿ ಕಟ್ಟಿ, ಉಜ್ಜಿ ಒರೆಸಿ, ತೂಗುಬಿಟ್ಟಿದ್ದ ಬೋಲ್ಟು. "ಡಬ್ಬಿ ತಳದಲ್ಲಿ ಸಿಕ್ತು ಕಣ್ಲಾ. ಹಳೇ ಕಾರು, ಬ್ಯಾಡ್ದಿದ್ ಸಾಮಾನು ಎಣ್ಣೆ ಜತೆ ಉದ್ರೋಗದೆ ಅಂದ್ಕಂಡೆ. ಎಷ್ಟ್ ಚೆಂದಾಗಿ ಹೊಡ್ಕತಿತ್ತು ನೋಡು. ಈಗ ಕೊಟ್ರೆ ನನ್ ಎತ್ತು ಮತ್ತೆ ಮೂಗಾಯ್ತದಲ್ಲೋ?" ಅವನ ಮುಖ ನಿಜಕ್ಕೂ ಸಣ್ಣಗಾಗಿತ್ತು. ಚಿಕ್ಕಸ್ವಾಮಿ ಸೊಂಟದ ಕೀಲಿಕೈ ಗೊಂಚಲು ಬಿಚ್ಚಿದ. ಅದರಲ್ಲಿ ಯಾವ ಬೀಗಕ್ಕೂ ಸೇರದ, ಆದರೂ ಎಸೆಯಲು ಮನಸ್ಸಾಗದೆ ಉಳಿಸಿಕೊಂಡಿದ್ದ ಒಂದು ಹಿತ್ತಾಳೆಯ ಕೀಲಿಕೈ ಇತ್ತು. ಬೋಲ್ಟು ಬಿಚ್ಚಿ ಅದನ್ನು ಕಟ್ಟಿದರು. ಎತ್ತು ತಲೆ ಕೊಡವಿತು. ಕಿಣಿ ಕಿಣಿ ಎಂದಿತು. ಕುಳ್ಳಯ್ಯ ಸ್ವಲ್ಪ ಹೊತ್ತು ಕೇಳಿ, "ಉಂ, ಹೆಣ್ ದನಿ ಆಯ್ತು, ಇರ್ಲಿ ಬುಡು" ಎಂದು ಗಾಡಿ ತಿರುಗಿಸಿದ. "ಹತ್ಲಾ, ಬುಟ್ ಬತ್ತೀನಿ. ಒಂಟಿ ಚಪ್ಪಲೀಲಿ ಓಡ್ಬ್ಯಾಡ."

ಗೊಬ್ಬರದ ಮೇಲೆ ಕುಳಿತು ಚಿಕ್ಕಸ್ವಾಮಿ ಊರಿಗೆ ಬಂದ. ಚಕ್ರ ಸದ್ದಿಲ್ಲದೆ ಉರುಳುತ್ತಿತ್ತು. ಅಚ್ಚಿನಲ್ಲಿದ್ದದ್ದು ಅವನ ಕಾರಿನ ಎಣ್ಣೆ. ಗಾಡಿ ಹತ್ತಿ ಇಪ್ಪತ್ತೈದು ವರ್ಷವಾಗಿತ್ತು. ಅಪ್ಪ ಗಾಡಿ ಮಾರಿದ ದಿನ ಇವನು ಕಚೇರಿಯಲ್ಲಿದ್ದ, ಸಂಜೆ ಬಂದು ಒಳ್ಳೇದೇ ಆಯ್ತು ಬಿಡು ಎಂದಿದ್ದ. ಈಗ ಬಿಗಿಮುಷ್ಟಿಯೊಳಗಿನ ಬೋಲ್ಟು ಬಿಸಿಲಿಗೆ ಕಾದು ಬೆಚ್ಚಗಿತ್ತು. ಐದು ಬೆರಳೂ ಅದನ್ನು ಹಿಡಿದಿದ್ದವು.

ಅಪ್ಪ ಸರ್ಕಲ್ಲಿಗೆ ಹೋಗಿರಲಿಲ್ಲ. ಚೀಲ ಕೊಡೆ ಮತ್ತೆ ಜಗಲಿಯ ಮೇಲಿದ್ದವು. ಹೊನ್ನಪ್ಪ ಕಾರಿನ ಮುಂದೆ ಮಂಡಿಯೂರಿ ಕುಳಿತು, ಕೆಳಗೆ ಕೈ ತೂರಿಸಿ, ಹಳೆ ಪಂಚೆಯ ತುಂಡಿನಿಂದ ತೂತಿನ ಸುತ್ತ ಒರೆಸುತ್ತಿದ್ದ. "ಮಣ್ ಅಂಟ್ಕಂಡಿತ್ತು. ಅಂಗೇ ಬಿರಡೆ ತಿರುವಿದ್ರೆ ಸುತ್ತು ಕೆಟ್ಟೋಯ್ತದೆ" ಎಂದ, ತಿರುಗಿ ನೋಡದೆ. ಚಿಕ್ಕಸ್ವಾಮಿ ಪಕ್ಕದಲ್ಲಿ ಮಲಗಿ ಬೋಲ್ಟು ಕೊಟ್ಟ. ಒಬ್ಬನದು ಒಂದು ಕೈ, ಇನ್ನೊಬ್ಬನದು ಇನ್ನೊಂದು. ಕಾರಿನಡಿಯ ಕತ್ತಲೆಯಲ್ಲಿ ಯಾರ ಬೆರಳು ಯಾರದೆಂದು ತಿಳಿಯದಷ್ಟು ಕಪ್ಪಾಗಿದ್ದವು. "ಇನ್ನೊಂದೀಟು. ಸಾಕು. ಅಮುಕ್ಬ್ಯಾಡ." ಹೊಸ ಎಣ್ಣೆ ಸುರಿದದ್ದಾಯಿತು, ಕಡ್ಡಿ ಎಳೆದು ಮಟ್ಟ ನೋಡಿದ್ದಾಯಿತು, ಮಣ್ಣಿಗೆ ಕುಡಿಸಿದ್ದು ಕಳೆದರೂ ಕೆಳಗಿನ ಗೀಟು ದಾಟಿತ್ತು. ಇಂಜಿನ್ ಹೊತ್ತಿಸಿದರೆ ಗುರ್ ಎಂದು ಶುರುವಾಗಿ ಮೆತ್ತಗಾಯಿತು. ಮೂವರೂ ಬಗ್ಗಿ ನೆಲ ನೋಡಿದರು. ಒಂದು ತೊಟ್ಟೂ ಬೀಳಲಿಲ್ಲ.

ಆ ಹೊತ್ತಿಗೇ ಸರ್ಕಲ್ಲಿನಿಂದ ಎರಡೂವರೆ ಬಸ್ಸಿನ ಹಾರನ್ ಕೇಳಿತು. ಪುಟ್ಟಗೌರಮ್ಮ ಮಾವನನ್ನು ನೋಡಿದಳು, ಚಿಕ್ಕಸ್ವಾಮಿ ನೆಲ ನೋಡಿದ. ಬಸ್ಸು ಇನ್ನೊಮ್ಮೆ ಕೂಗಿ, ಹೊರಟು, ಸದ್ದು ಸಣ್ಣದಾಯಿತು.

"ಎಲ್ಲಿ, ತೋರ್ಸು" ಎಂದ ಅಪ್ಪ.

ಚಿಕ್ಕಸ್ವಾಮಿ ಎರಡೂ ಅಂಗೈ ಚಾಚಿದ. ಅಪ್ಪ ಅವನ್ನು ತಿರುಗಿಸಿ ನೋಡಿದ, ಬೆರಳ ಸಂದಿ ಬಿಡಿಸಿ ನೋಡಿದ. "ಊಂ" ಎಂದ. ಚೀಲ ಎತ್ತಿಕೊಂಡು ಕಾರಿನ ಕಡೆ ನಡೆದ.

ಪುಟ್ಟಗೌರಮ್ಮ ಹಿಂದಿನ ದಿನವಷ್ಟೇ ಒಗೆದು ಹಾಕಿದ್ದ ಬಿಳಿಯ ಸೀಟಿನ ಬಟ್ಟೆ ಬಿಸಿಲಿಗೆ ಹೊಳೆಯುತ್ತಿತ್ತು. ಅಪ್ಪ ಬಾಗಿಲ ಹತ್ತಿರ ನಿಂತ. ತನ್ನ ಕೈ ನೋಡಿಕೊಂಡ. ಆಮೇಲೆ ಹಿಡಿಕೆಯನ್ನು ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ, ಎರಡೇ ಎರಡು ಬೆರಳಲ್ಲಿ ಹಿಡಿದು, ಜೋಪಾನವಾಗಿ ತೆಗೆಯಲು ನೋಡಿದ. ಮೂವತ್ತನಾಲ್ಕು ವರ್ಷದ ಸಾಲವನ್ನು ಅಪ್ಪ ಹೀಗೆ, ಇಷ್ಟು ಚೊಕ್ಕವಾಗಿ, ಮುಖದ ಎದುರೇ ಹಿಂದಿರುಗಿಸುತ್ತಿದ್ದಾನೆಯೇ?

"ಯಾಕಪ್ಪಾ ಅಂಗ್ ಇಡ್ಕತೀಯ?"

"ಬಾಗ್ಲು, ಬಟ್ಟೆ ಎಲ್ಲಾ ಬೆಳ್ಳಗದಲ್ಲೋ, ಮಸಿ ಆದದು" ಎಂದ ಅಪ್ಪ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ. "ನಾನೇ ತಾನೆ ನಿಂಗೆ ಯೋಳ್ಕೊಟ್ಟಿದ್ದು, ಇಸ್ಕೂಲ್ ಗೇಟ್ ತಾವ? ಹೊಸಾ ಅಂಗಿ ಕಣ್ಲಾ, ಡಬ್ಬೀಗೆಲ್ಲ ಕೀಲೆಣ್ಣೆ ಮೆತ್ಕಂಡದೆ, ಎಲ್ಡೇ ಬೆಳ್ಳಲ್ಲಿ ಇಡ್ಕ ಅಂತ. ಚೆಂದಾಗಿ ಇಡ್ಕಂಡೋದೆ. ಒಂದ್ ಚುಕ್ಕೇನೂ ಆಗ್ಲಿಲ್ಲ ಅಂಗೀಗೆ. ಮರ್ತ್ಬುಟ್ಯಾ?"

ಚಿಕ್ಕಸ್ವಾಮಿ ಆ ಮಧ್ಯಾಹ್ನವನ್ನು ಮನಸ್ಸಿನಲ್ಲೇ ಮತ್ತೆ ಮೊದಲಿನಿಂದ ನೋಡಿದ. ಗೇಟು, ವಕೀಲರ ಮಗ, ಡಬ್ಬಿ, ಎರಡು ಬೆರಳು. ಅಪ್ಪನ ಬಾಯಿ ಆಡಿದ್ದು ನಿಜ. ಎತ್ತಿನ ಗಂಟೆಯಲ್ಲಿ ಕೇಳದೆ ಹೋದ ಆ ಮಾತು ಇದೇ ಇರಬಹುದು; ಕೇಳಿಯೂ ಮರೆತಿರಬಹುದು. ಅಥವಾ ಈಗ, ಮಗನ ಮುಖದಲ್ಲಿ ಏನನ್ನೋ ಕಂಡು, ಅಪ್ಪ ನಿಂತ ನಿಲುವಿನಲ್ಲೇ ಹೊಸೆದದ್ದಿರಬಹುದು. ಯಾವುದೆಂದು ತಿಳಿಯುವ ದಾರಿಯಿಲ್ಲ. ಯಾವುದಾದರೂ ಅದು ಒಂದೇ ಪ್ರೀತಿ ಎನ್ನಿಸಿ, ಅವನಿಗೆ ತಡೆಯಲಾರದಷ್ಟು ಸಂತೋಷವಾಯಿತು. ಮುಂದೆ ಬಾಗಿ ಅಪ್ಪನ ಕೈಯನ್ನು ತನ್ನ ಕೈಯಲ್ಲಿ ಹಿಡಿದ, ಎಣ್ಣೆ ಎಣ್ಣೆಗೆ ಅಂಟಿತು.

"ಐದೂ ಬೆಳ್ಳು ಊರಪ್ಪ. ಊರ್ಕಂಡ್ ಕೂತ್ಕ."

ಅಪ್ಪ ಸೀಟಿನ ಮೇಲೆ ಅಂಗೈ ಊರಿ ಒಳಗೆ ಕುಳಿತ. ಆಗಲೇ ಹಿಂದಿನ ಸೀಟು ಹತ್ತಿದ್ದ ಪುಟ್ಟಗೌರಮ್ಮ, "ಅಯ್ಯೋ ನನ್ ಬಟ್ಟೆ, ನಿನ್ನೆ ತಾನೆ ಒಗ್ದಿದ್ದೆ ಕಣ್ರೀ!" ಎಂದು ಕೂಗಿದಳು, ಕೂಗುತ್ತಲೇ ನಕ್ಕಳು. ಕಾರು ಜೋಡಿ ಕಲ್ಲಿನಿಂದ ಹಿಂದಕ್ಕೆ ಇಳಿದು, ಕುಳ್ಳಯ್ಯನ ಗಾಡಿ ದಾಟಿ, ಮಾರಮ್ಮನ ಕರಿ ಚೌಕಟ್ಟು ದಾಟಿ, ಪಟ್ಟಣದ ರಸ್ತೆ ಹಿಡಿಯಿತು. ಅಪ್ಪ ಕತ್ತು ಓರೆ ಮಾಡಿ ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದ. ಎರಡು ಮೈಲಿ ಹೋಗುವಷ್ಟರಲ್ಲಿ ಮುಂದೆ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ ಎರಡೂವರೆ ಬಸ್ಸು ಕಂಡಿತು. ಹೊನ್ನಪ್ಪ ನೆಟ್ಟಗೆ ಕುಳಿತ.

"ಓಡುಸ್ಲಾ. ಇಡ್ಕ ಅದ್ನ."

ಚಿಕ್ಕಸ್ವಾಮಿ ಹಾರನ್ನು ಒತ್ತಿ ಬಲಕ್ಕೆ ತಿರುಗಿಸಿದ. ಬಸ್ಸಿನ ಸಮಕ್ಕೆ ಬಂದಾಗ, ಹಳೆಯ ಪರಿಚಯದ ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ "ಓ ಹೊನ್ನಪ್ಪಾ!" ಎಂದ. ಅಪ್ಪ ಕಿಟಕಿಯಿಂದ ಕೈ ಆಚೆ ಹಾಕಿ, ಕರ್ರಗಿದ್ದ ಐದೂ ಬೆರಳನ್ನು ಅಗಲಿಸಿ, ಬಸ್ಸು ಹಿಂದೆ ಬೀಳುವವರೆಗೂ ತೋರಿಸುತ್ತಲೇ ಇದ್ದ.